ಪ್ರೊಫೆಸರ್ ಶೇಷಾದ್ರಿಯವರ ಸಂಶೋಧನ ಮಾರ್ಗ: ಒಂದು ವಿವೇಚನೆ

ವಿದ್ವಾಂಸರೊಬ್ಬರು ತೀರಿಕೊಂಡ ಮೇಲೆ ಅವರನ್ನು ಕುರಿತು ಬರೆಯುವ ಲೇಖನಗಳಲ್ಲಿ ಸಾಮಾನ್ಯವಾಗಿ ಒಂದು ಕೊರತೆ ಕಂಡುಬರುತ್ತದೆ. ಅವರು ಪಡೆದ ಬಿರುದುಗಳ ಪಟ್ಟಿ ಅಲ್ಲಿರುತ್ತದೆ. ಅವರು ಕಟ್ಟಿದ ಸಂಸ್ಥೆಗಳ ಹೆಸರಿರುತ್ತದೆ. ಅವರ ಸರಳತೆಯ, ಸೌಜನ್ಯದ ಮಾತಿರುತ್ತದೆ. ಇಲ್ಲದಿರುವುದು ಅವರು ಮಾಡಿದ ಕೆಲಸದ ವಿಚಾರವೊಂದೇ. ಗಣಿತಶಾಸ್ತ್ರಜ್ಞರ ವಿಷಯದಲ್ಲಂತೂ ಇದನ್ನು ಕೊರತೆಯೆಂದೇ ಯಾರೂ ಎಣಿಸುವುದಿಲ್ಲ. ೨೦೨೦ನೆಯ ಇಸವಿ ಜುಲೈ ೧೭ರಂದು ಚೆನ್ನೈಯಲ್ಲಿ ನಿಧನರಾದ ಪ್ರೊಫೆಸರ್ ಸಿ. ಎಸ್. ಶೇಷಾದ್ರಿಯವರ ವಿಷಯದಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಆಗಿದೆ. ಅವರು ೧೯೮೮ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು, ೨೦೦೯ರಲ್ಲಿ ಪದ್ಮಭೂಷಣರಾದರು, ಚೆನ್ನೈ ಗಣಿತ ಸಂಸ್ಥೆಯನ್ನು ಕಟ್ಟಿದರು, ಕರ್ಣಾಟಕ ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತು ಹಾಡುತ್ತಿದ್ದರು ಎಂಬುದೆಲ್ಲ ನಿಜ. ಆದರೆ ಇವು ಗಣಿತದಲ್ಲಿ ಅವರು ಏನನ್ನು ಸಾಧಿಸಿದರು ಎಂಬ ಪ್ರಶ್ನೆಗೆ ಉತ್ತರವಲ್ಲ. ಗರ್ಭಗುಡಿಯ ಒಳಗೆ ಹೋಗದೆ ಪ್ರಾಕಾರವನ್ನಷ್ಟೇ ಸುತ್ತಿ ಬಂದವನ ಯಾತ್ರೆಯಂತೆ ಈ ಬಗೆಯ ಗೌರವ ಅಪೂರ್ಣವಾದುದು. ಅವರ ಬರಹಗಳನ್ನೇ ಮುಂದಿಟ್ಟುಕೊಂಡು, ಅವುಗಳ ಗುಣವನ್ನೂ ಮಿತಿಯನ್ನೂ ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿವೇಚಿಸುವುದು ನಮ್ಮ ಉದ್ದೇಶ.

ಶೇಷಾದ್ರಿಯವರ ಸಂಶೋಧನ ಲೇಖನಗಳು ೨೦೧೨ರಲ್ಲಿ ಎರಡು ಸಂಪುಟಗಳಾಗಿ ಒಟ್ಟುಗೂಡಿ ಪ್ರಕಟವಾಗಿವೆ. ಸದಿಶ ಗುಚ್ಛಗಳೂ ಅವಿಕಾರಿಗಳ ಸಿದ್ಧಾಂತವೂ ಮೊದಲನೆಯ ಸಂಪುಟದ ವಿಷಯ. ಷೂಬರ್ಟ್ ಜ್ಯಾಮಿತಿಯೂ ಪ್ರತಿನಿಧಾನ ಸಿದ್ಧಾಂತವೂ ಎರಡನೆಯದರ ವಿಷಯ. ಈ ವಿಭಾಗ ಸಂಪಾದನೆಯ ದೃಷ್ಟಿಯಿಂದ ಯುಕ್ತವೇ ಆಗಿದೆ. ಆದರೆ ಇದರಿಂದ ಓದುಗನಿಗೆ ಒಂದು ತಪ್ಪು ಕಲ್ಪನೆ ಉಂಟಾಗುವ ಸಂಭವವುಂಟು. ಒಬ್ಬ ವ್ಯಕ್ತಿ ತನ್ನ ಪ್ರಾಯದಲ್ಲಿ ಒಂದು ಘನವಾದ ಪ್ರಮೇಯವನ್ನು ಸಾಧಿಸಿ ಕೀರ್ತಿ ಪಡೆದು, ನಡುವಯಸ್ಸಿನಲ್ಲಿ ಅದನ್ನು ಬಿಟ್ಟು ಕ್ಲಿಷ್ಟವಾದ ಲೆಕ್ಕಾಚಾರದ ಬೇರೊಂದು ಕ್ಷೇತ್ರಕ್ಕೆ ಹೊರಟುಹೋದನೆಂದು ತೋರುತ್ತದೆ. ಹಾಗಿದ್ದರೆ ಅದು ಒಡೆದ ಬಾಳು. ನಮ್ಮ ಅಭಿಪ್ರಾಯ ಹಾಗಲ್ಲ. ಎರಡು ಸಂಪುಟಗಳಲ್ಲಿಯೂ ಇರುವ ಪ್ರಶ್ನೆ ಒಂದೇ ಎಂದೂ, ಒಂದು ಸಾಧನ ಕೈಗೆ ದೊರೆಯದ ಕಡೆ ಏನು ಮಾಡಬೇಕೆಂಬ ಚಿಂತೆಯೇ ಮೊದಲನೆಯದರಿಂದ ಎರಡನೆಯದಕ್ಕೆ ದಾರಿಯಾಯಿತೆಂದೂ ನಾವು ಭಾವಿಸುತ್ತೇವೆ. ಇದನ್ನು ಕ್ರಮವಾಗಿ ನಿರೂಪಿಸಬೇಕಾಗಿದೆ.

ಶೇಷಾದ್ರಿಯವರು ಹುಟ್ಟಿದ್ದು ೧೯೩೨ನೆಯ ಇಸವಿ ಫೆಬ್ರವರಿ ೨೯ರಂದು, ಕಾಂಚೀಪುರದಲ್ಲಿ. ಮದರಾಸಿನ ಲೊಯೋಲಾ ಕಾಲೇಜಿನಲ್ಲಿ ಆನರ್ಸ್ ಪದವಿಯನ್ನು ಮುಗಿಸಿ ೧೯೫೩ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದರು. ಅದೇ ಕಾಲೇಜಿನಿಂದ ಅದೇ ವರ್ಷ ಅಲ್ಲಿಗೆ ಬಂದ ಮತ್ತೊಬ್ಬ ತರುಣರು ಎಂ. ಎಸ್. ನರಸಿಂಹನ್. ಇವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ೨೦೨೧ರ ಮೇ ತಿಂಗಳಲ್ಲಿ ಅಲ್ಲಿಯೇ ತೀರಿಕೊಂಡರು. ಟಾಟಾ ಸಂಸ್ಥೆಯ ಗಣಿತ ವಿಭಾಗವನ್ನು ಆಗ ನಡೆಸುತ್ತಿದ್ದವರು ಕೆ. ಚಂದ್ರಶೇಖರನ್. ಹೊರದೇಶದ ಶ್ರೇಷ್ಠ ಗಣಿತಜ್ಞರನ್ನು ಬರಮಾಡಿಕೊಂಡು ಉಪನ್ಯಾಸ ಮಾಡಿಸುವುದು, ಅದನ್ನು ತರುಣರಿಂದ ಬರೆಸಿ ಅಚ್ಚು ಹಾಕಿಸುವುದು ಅಲ್ಲಿಯ ಪದ್ಧತಿ. ಕೇಳಿದ್ದನ್ನು ಬರೆಯಬೇಕಾದವನು ಅದನ್ನು ಅರಿಯದೆ ಬರೆಯಲಾರ. ಆದ್ದರಿಂದ ಇದು ವಿದ್ಯೆಯನ್ನು ಕಲಿಸುವ ಉತ್ತಮ ಉಪಾಯವೂ ಆಗಿತ್ತು. ೧೯೫೭ರಿಂದ ೧೯೬೦ರ ವರೆಗೆ ಶೇಷಾದ್ರಿಯವರು ಪ್ಯಾರಿಸಿನಲ್ಲಿದ್ದರು. ಶೆವಾಲೆ, ಸೆರ್, ಗ್ರೋಥೆಂಡಿಕ್ ಮೊದಲಾದವರು ಬೀಜಗಣಿತೀಯ ಜ್ಯಾಮಿತಿಗೆ ಹೊಸ ಅಡಿಪಾಯವನ್ನು ಹಾಕುತ್ತಿದ್ದ ಕಾಲವದು.

ಬೀಜಗಣಿತೀಯ ಜ್ಯಾಮಿತಿಯೆಂದರೆ, ಸ್ಥೂಲವಾಗಿ, ಬಹುಪದೋಕ್ತಿ ಸಮೀಕರಣಗಳು ಗುರುತಿಸುವ ಆಕೃತಿಗಳ ಅಧ್ಯಯನ. ನಮ್ಮ ವಿದ್ಯಾರ್ಥಿಗಳು ಓದುವ ಶಂಕುಚ್ಛೇದಗಳೇ ಅದರ ಮೊದಲ ಪಾಠ. ಸೆರ್ ಅವರು ೧೯೫೫ರಲ್ಲಿ ಈ ಶಾಸ್ತ್ರದಲ್ಲಿ ಒಂದು ಪ್ರಶ್ನೆಯನ್ನು ಎತ್ತಿದ್ದರು. ಪೂರ್ಣಾಂಕಗಳಿಂದ ಒಂದು ಹೋಲಿಕೆಯನ್ನು ಕೊಟ್ಟು ಅದನ್ನು ವಿವರಿಸಬಹುದು. ಕೆಲವು ಪೂರ್ಣಾಂಕಗಳ ಮಹತ್ತಮ ಸಾಮಾನ್ಯ ಅಪವರ್ತನ ಒಂದಾಗಿದ್ದರೆ, ಅವನ್ನು ಮೊದಲ ಸಾಲಿನಲ್ಲಿ ಬರೆದು, ಕೆಳಗಿನ ಸಾಲುಗಳನ್ನು ಪೂರ್ಣಾಂಕಗಳಿಂದಲೇ ತುಂಬಿ, ನಿರ್ಧಾರಕ ಒಂದಾಗುವಂತೆ ಚೌಕ ಮಾತೃಕೆಯನ್ನು ರಚಿಸಬಹುದು. ಪೂರ್ಣಾಂಕಗಳ ಬದಲು ಹಲವು ಚರಾಕ್ಷರಗಳ ಬಹುಪದೋಕ್ತಿಗಳನ್ನು ತೆಗೆದುಕೊಂಡರೆ, ಅವುಗಳಿಗೆ ಎಲ್ಲಿಯೂ ಸಮಾನವಾದ ಶೂನ್ಯಬಿಂದು ಇಲ್ಲದಿದ್ದಲ್ಲಿ, ಇಂಥದೇ ಮಾತೃಕೆ ಸಾಧ್ಯವೆ? ಸೆರ್ ಅವರ ಪ್ರಶ್ನೆಯ ಒಂದು ರೂಪ ಇದು. ಎರಡು ಚರಾಕ್ಷರಗಳಿರುವಾಗ ಉತ್ತರ ಹೌದೆಂದು ಶೇಷಾದ್ರಿಯವರು ೧೯೫೮ರಲ್ಲಿ ತೋರಿಸಿಕೊಟ್ಟರು. ಲೇಖನದ ಉದ್ದ ಮೂರೇ ಪುಟ. ಎಷ್ಟು ಚರಾಕ್ಷರಗಳಿದ್ದರೂ ಉತ್ತರ ಅದೇ ಎಂಬುದನ್ನು ೧೯೭೬ರಲ್ಲಿ ಕ್ವಿಲ್ಲೆನ್ ಮತ್ತು ಸುಸ್ಲಿನ್ ಪ್ರತ್ಯೇಕವಾಗಿ ಸಾಧಿಸಿದರು. ಆ ಮೂರು ಪುಟಗಳಿಗೂ ಈ ಪೂರ್ಣ ಪರಿಹಾರಕ್ಕೂ ನಡುವೆ ಹದಿನೆಂಟು ವರ್ಷಗಳು ಸಂದಿವೆ. ಪುಟಗಳನ್ನು ಎಣಿಸಿ ವಿದ್ವತ್ತನ್ನು ಅಳೆಯುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇನ್ನು ಶೇಷಾದ್ರಿಯವರ ಬಾಳಿನ ಮುಖ್ಯ ಪ್ರಶ್ನೆಗೆ ಬರೋಣ. ಅದನ್ನು ಭಾಗಲಬ್ಧದ ಪ್ರಶ್ನೆಯೆಂದು ಕರೆಯಬಹುದು. ಒಂದು ಜಾತಿಯ ಗಣಿತವಸ್ತುಗಳು ಅಸಂಖ್ಯಾತವಾಗಿವೆ. ಅವುಗಳಲ್ಲಿ ಕೆಲವು ನೋಟಕ್ಕೆ ಬೇರೆಯಾದರೂ ವಾಸ್ತವವಾಗಿ ಒಂದೇ. ಒಂದೇ ಆಗಿರುವುದನ್ನೆಲ್ಲ ಒಂದು ಬಿಂದುವೆಂದು ಎಣಿಸಿದರೆ ಆ ಬಿಂದುಗಳೆಲ್ಲ ಕೂಡಿ ಒಂದು ಜ್ಯಾಮಿತೀಯ ಆಕಾಶವಾಗುತ್ತವೆಯೆ? ಕಾಲೇಜಿನ ಬೀಜಗಣಿತದಲ್ಲಿಯೇ ಇದಕ್ಕೆ ಉದಾಹರಣೆಯುಂಟು. ಯ, ರ ಎಂಬ ಚರಾಕ್ಷರಗಳ ವರ್ಗರೂಪವನ್ನು ಅಯ² + ಬಯರ + ಕರ² ಎಂದು ಬರೆಯೋಣ; ಗುಣಕಗಳು ಮಿಶ್ರಸಂಖ್ಯೆಗಳಾಗಿರಲಿ. ನಿರ್ಧಾರಕ ಒಂದಾಗಿರುವ ಏಕಘಾತ ಪರಿವರ್ತನೆಯಿಂದ ಒಂದರಿಂದ ಇನ್ನೊಂದು ದೊರೆತರೆ ಆ ಎರಡು ರೂಪಗಳನ್ನು ಸಮಾನವೆಂದು ಎಣಿಸೋಣ. ಬ² − ೪ಅಕ ಎಂಬ ಶೋಧಕ ಇಂಥ ಪರಿವರ್ತನೆಗಳಿಂದ ಬದಲಾಗುವುದಿಲ್ಲ. ಹೀಗೆ ಬದಲಾಗದೆ ಉಳಿಯುವ ಉಕ್ತಿಗೆ ಅವಿಕಾರಿಯೆಂದು ಹೆಸರು. ಶೋಧಕ ಸೊನ್ನೆಯಲ್ಲದ ಪಕ್ಷದಲ್ಲಿ, ಒಂದೇ ಶೋಧಕವುಳ್ಳ ಎರಡು ರೂಪಗಳು ಸಮಾನವೇ ಆಗಿರುತ್ತವೆ. ಅಲ್ಲಿಗೆ ವರ್ಗೀಕರಣ ಮುಗಿದಂತೆ ತೋರುತ್ತದೆ.

ತೊಡಕಿರುವುದು ಶೋಧಕ ಸೊನ್ನೆಯಾದಾಗ. ಯ² ಎಂಬ ರೂಪದ ಶೋಧಕವೂ ಸೊನ್ನೆ. ಎಲ್ಲ ಗುಣಕಗಳೂ ಸೊನ್ನೆಯಾದ ಶೂನ್ಯರೂಪದ ಶೋಧಕವೂ ಸೊನ್ನೆ. ಇವೆರಡು ಎಂದಿಗೂ ಸಮಾನವಲ್ಲ. ಆದರೆ ಯ ಇದ್ದಲ್ಲಿ ತಯ ಎಂದೂ ರ ಇದ್ದಲ್ಲಿ ರ/ತ ಎಂದೂ ಇಟ್ಟರೆ ಯ² ಎಂಬುದು ತ²ಯ² ಆಗುತ್ತದೆ. ತ ಎಂಬುದನ್ನು ಸೊನ್ನೆಯ ಬಳಿಗೆ ತಂದಷ್ಟೂ ನಮ್ಮ ರೂಪ, ತನ್ನ ವರ್ಗವನ್ನು ಬಿಡದೆಯೇ, ಶೂನ್ಯರೂಪದ ಮಗ್ಗುಲಿಗೆ ಬರುತ್ತದೆ. ಆದ್ದರಿಂದ ಯಾವ ಬಹುಪದೋಕ್ತಿಯನ್ನು ಅವಿಕಾರಿಯಾಗಿ ತೆಗೆದುಕೊಂಡರೂ ಅದು ಇವೆರಡನ್ನು ಬೇರ್ಪಡಿಸಲಾರದು. ಇಲ್ಲಿ ಉಳಿಯುವ ಮಾರ್ಗಗಳು ಎರಡೇ. ಕೆಟ್ಟ ರೂಪಗಳನ್ನು ಮೊರದಲ್ಲಿ ಕೇರಿ ಜೊಳ್ಳನ್ನು ತೂರುವಂತೆ ಹೊರಗೆ ಹಾಕಬೇಕು. ಇಲ್ಲವೆ, ಬೇರ್ಪಡಿಸಲಾಗದವನ್ನು ಒಂದೇ ಬಿಂದುವೆಂದು ಒಪ್ಪಬೇಕು. ಯಾವುದನ್ನು ಹೊರಗೆ ಹಾಕಬೇಕು, ಯಾವುದನ್ನು ಒಂದುಗೂಡಿಸಬೇಕು ಎಂಬ ವಿವೇಕವೇ ಈ ಶಾಸ್ತ್ರದ ತಿರುಳು. ಹಿಲ್ಬರ್ಟ್ ಅವರು ೧೮೯೩ರಲ್ಲಿಯೇ ಇದನ್ನು ಕಂಡಿದ್ದರು. ಮಂಫರ್ಡ್ ಅವರು ೧೯೬೦ರ ದಶಕದಲ್ಲಿ ಅದಕ್ಕೆ ಜ್ಯಾಮಿತಿಯ ರೂಪವನ್ನು ಕೊಟ್ಟರು.

ಶೇಷಾದ್ರಿ ಮತ್ತು ನರಸಿಂಹನ್ ಅವರು ಕೈಗೆತ್ತಿಕೊಂಡ ವಸ್ತು ವರ್ಗರೂಪಗಳಲ್ಲ, ಸದಿಶ ಗುಚ್ಛಗಳು. ಒಂದು ಸಂಹತ ರೀಮಾನ್ ತಲವನ್ನು ಕಲ್ಪಿಸಿಕೊಳ್ಳೋಣ. ಅದರ ಪ್ರತಿಯೊಂದು ಬಿಂದುವಿಗೂ ಒಂದು ಸದಿಶಾಕಾಶವನ್ನು, ಬಿಂದುವಿನಿಂದ ಬಿಂದುವಿಗೆ ವೈಶ್ಲೇಷಿಕವಾಗಿ ಸಾಗುವಂತೆ, ಕಟ್ಟಿದರೆ ಅದೇ ಸದಿಶ ಗುಚ್ಛ. ಗೋಲದ ಮೇಲಿನ ಗುಚ್ಛಗಳನ್ನು ಗ್ರೋಥೆಂಡಿಕ್ ಅವರೂ, ಒಂದು ರಂಧ್ರವುಳ್ಳ ತಲದ ಮೇಲಿನವುಗಳನ್ನು ಅಟಿಯಾ ಅವರೂ ೧೯೫೭ರಲ್ಲಿ ವರ್ಗೀಕರಿಸಿದ್ದರು. ಎರಡು ಅಥವಾ ಹೆಚ್ಚು ರಂಧ್ರಗಳಿರುವಾಗ ಯ² ಮತ್ತು ಶೂನ್ಯರೂಪಗಳ ನಡುವಣ ತೊಡಕೇ ಸಹಸ್ರಮುಖವಾಗಿ ಎದುರಾಗುತ್ತದೆ. ೧೯೬೨ರಲ್ಲಿ ಸ್ಟಾಕ್‌ಹೋಮಿನ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನದಲ್ಲಿ ಮಂಫರ್ಡ್ ಅವರು ಉಳಿಸಿಕೊಳ್ಳತಕ್ಕ ಗುಚ್ಛಗಳಿಗೆ ಒಂದು ಲಕ್ಷಣವನ್ನು ಹೇಳಿದರು. ಗುಚ್ಛದ ಡಿಗ್ರಿಯೆಂಬ ಪೂರ್ಣಾಂಕವನ್ನು ಅದರ ಸದಿಶಾಕಾಶಗಳ ಆಯಾಮದಿಂದ ಭಾಗಿಸಿದರೆ ಒಂದು ಸರಾಸರಿ ಬರುತ್ತದೆ. ಒಳಗಿರುವ ಯಾವ ಉಪಗುಚ್ಛದ ಸರಾಸರಿಯೂ ಇಡೀ ಗುಚ್ಛದ ಸರಾಸರಿಗಿಂತ ಕಡಮೆಯಾಗಿದ್ದರೆ ಆ ಗುಚ್ಛ ಸ್ಥಿರ. ಸಮನಾಗಿರಲೂ ಅನುಮತಿಯಿತ್ತರೆ ಅದು ಅರ್ಧಸ್ಥಿರ.

ಇದಕ್ಕೆ ಬಹಳ ಮುಂಚೆ, ೧೯೩೮ರಲ್ಲಿ, ಆಂಡ್ರೆ ವೇಯ್ ಅವರು ಬೇರೊಂದು ದಾರಿಯಿಂದ ಗುಚ್ಛಗಳ ಬಳಿಗೆ ಬಂದಿದ್ದರು. ತಲದ ಮೇಲಿನ ಕುಣಿಕೆಗಳು ಸೇರಿ ಒಂದು ಗ್ರೂಪ್ ಆಗುತ್ತವೆ. ಅದನ್ನು ಮಾತೃಕೆಗಳ ಮೂಲಕ ನಿರೂಪಿಸಿದರೆ ಅದರಿಂದ ಒಂದು ಗುಚ್ಛ ಹುಟ್ಟುತ್ತದೆ. ಮಾತೃಕೆಗಳು ಯೂನಿಟರಿಯಾಗಿರುವ, ಎಂದರೆ ಸದಿಶಗಳ ಉದ್ದವನ್ನು ಕೆಡಿಸದ, ಪಕ್ಷ ವಿಶೇಷವಾದುದು. ನರಸಿಂಹನ್ ಮತ್ತು ಶೇಷಾದ್ರಿಯವರು ೧೯೬೫ರಲ್ಲಿ ಅಮೆರಿಕದ ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಮೇಯ ಈ ಎರಡು ದಾರಿಗಳನ್ನು ಕೂಡಿಸಿತು. ಕನಿಷ್ಠ ಎರಡು ರಂಧ್ರಗಳುಳ್ಳ ತಲದ ಮೇಲೆ, ಡಿಗ್ರಿ ಸೊನ್ನೆಯಾದ ಗುಚ್ಛ ಸ್ಥಿರವಾಗಿರಬೇಕಾದರೆ ಅದು ಕುಣಿಕೆಗಳ ಗ್ರೂಪಿನ ಒಂದು ಅಖಂಡ ಯೂನಿಟರಿ ನಿರೂಪಣದಿಂದ ಹುಟ್ಟಿರಬೇಕು. ಹಾಗೆ ಹುಟ್ಟಿದ್ದೆಲ್ಲ ಸ್ಥಿರವೇ ಸರಿ. ಸರಾಸರಿಗಳನ್ನು ಹೋಲಿಸುವ ಲಕ್ಷಣ ಶುದ್ಧ ಬೀಜಗಣಿತದ್ದು. ಯೂನಿಟರಿ ನಿರೂಪಣ ಸಂಸ್ಥಿತಿಶಾಸ್ತ್ರಕ್ಕೂ ವಿಶ್ಲೇಷಣಕ್ಕೂ ಸೇರಿದ್ದು. ಇವೆರಡೂ ಒಂದೇ ವಸ್ತುವಿನ ಎರಡು ಲಕ್ಷಣಗಳೆಂದು ತಿಳಿದದ್ದು ದೊಡ್ಡ ಲಾಭ.

ಈ ಪ್ರಮೇಯವನ್ನು ಹೊಗಳುವವರು ಸಾಮಾನ್ಯವಾಗಿ ಮುಂದೆ ನಡೆದುದನ್ನು ಎತ್ತಿ ಹೇಳುತ್ತಾರೆ. ೧೯೮೩ರಲ್ಲಿ ಡೊನಾಲ್ಡ್‌ಸನ್ ಅವರು ಇದಕ್ಕೆ ಹೊಸ ಸಾಧನೆಯನ್ನು ಕೊಟ್ಟರು; ಅದೇ ವರ್ಷ ಅಟಿಯಾ ಮತ್ತು ಬಾಟ್ ಅವರು ಭೌತಶಾಸ್ತ್ರದ ಯಾಂಗ್–ಮಿಲ್ಸ್ ಸಮೀಕರಣಗಳೊಡನೆ ಇದರ ನಂಟನ್ನು ತೋರಿಸಿದರು. ಇದೆಲ್ಲ ಸರಿಯೆ. ಆದರೆ ತರುವಾಯದ ಉಪಯೋಗದಿಂದ ಮಾತ್ರ ಒಂದು ಕೃತಿಯ ಬೆಲೆ ಕಟ್ಟುವುದು ವಿಮರ್ಶೆಯಲ್ಲ. ಮೂಲ ಲೇಖನದಲ್ಲಿಯೇ ಇರುವ ಗುಣವನ್ನು ನೋಡಬೇಕು. ಯೂನಿಟರಿ ಮಾತೃಕೆಗಳ ಗ್ರೂಪ್ ಸಂಹತವಾದುದು. ಅದರಲ್ಲಿ ಸಾಗುವ ಅನುಕ್ರಮದಿಂದ ಪರಿಮಿತಿಯುಳ್ಳ ಉಪಾನುಕ್ರಮವೊಂದನ್ನು ಯಾವಾಗಲೂ ಆರಿಸಬಹುದು. ಆ ಪರಿಮಿತಿ ಗ್ರೂಪಿನ ಹೊರಗೆ ಬೀಳುವುದಿಲ್ಲ. ಲೇಖಕರು ಈ ಒಂದು ಸಂಗತಿಯ ಮೇಲೆ ಭಾರವಿಟ್ಟು, ಸ್ಥಿರ ಗುಚ್ಛವೊಂದನ್ನು ಮೆಲ್ಲನೆ ಬದಲಾಯಿಸುತ್ತ ಹೋದರೂ ಯೂನಿಟರಿ ಗುಣ ಎಲ್ಲಿಯೂ ಕಳಚಿಹೋಗುವುದಿಲ್ಲವೆಂದು ತೋರಿಸುತ್ತಾರೆ. ಹೊಸ ಭಾಷೆಯ ಆಡಂಬರವಿಲ್ಲ. ಇಪ್ಪತ್ತೆಂಟು ಪುಟಗಳಲ್ಲಿ ಕೆಲಸ ಮುಗಿದಿದೆ. ಪ್ಯಾರಿಸಿನಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂದಿದೆ. ಆದರೆ ಪ್ರಶ್ನೆಯನ್ನು ಆರಿಸಿದ್ದೂ ಬಿಡಿಸಿದ್ದೂ ಮುಂಬಯಿಯಲ್ಲಿ.

ಇದಕ್ಕಿಂತ ಕಡಮೆ ಪ್ರಸಿದ್ಧವಾದರೂ, ಶೇಷಾದ್ರಿಯವರ ಬುದ್ಧಿಯ ಸ್ವಭಾವವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುವುದು ಅವರೊಬ್ಬರೇ ಬರೆದ ೧೯೬೭ರ ಲೇಖನವೆಂದು ನಮ್ಮ ಮತ. ಸ್ಥಿರ ಗುಚ್ಛಗಳ ಆಕಾಶಕ್ಕೆ ಅಂಚಿನಲ್ಲಿ ಬಿಂದುಗಳು ಕಡಮೆಯಾಗುತ್ತವೆ. ಅದನ್ನು ಪೂರ್ತಿಗೊಳಿಸಬೇಕಾದರೆ ಅರ್ಧಸ್ಥಿರ ಗುಚ್ಛಗಳನ್ನೂ ಸೇರಿಸಿಕೊಳ್ಳಬೇಕು. ಹಾಗೆ ಸೇರಿಸಿಕೊಂಡೊಡನೆ ನಮ್ಮ ಹಳೆಯ ತೊಡಕು ಮರಳಿ ಬರುತ್ತದೆ. ಶೇಷಾದ್ರಿಯವರು ಕೊಟ್ಟ ಪರಿಹಾರ ಇದು: ಅರ್ಧಸ್ಥಿರ ಗುಚ್ಛವನ್ನು ಒಂದೇ ಸರಾಸರಿಯುಳ್ಳ ಸ್ಥಿರ ತುಂಡುಗಳಾಗಿ ಬಿಡಿಸಬಹುದು, ಎರಡು ಗುಚ್ಛಗಳ ತುಂಡುಗಳು ಒಂದೇ ಆಗಿದ್ದರೆ, ಅವು ಹೊಂದಿಕೊಂಡ ರೀತಿ ಬೇರೆಯಾದರೂ, ಅವೆರಡನ್ನೂ ಒಂದೇ ಬಿಂದುವೆಂದು ಎಣಿಸತಕ್ಕದ್ದು. ಈ ನಿಯಮದಿಂದ ಆಕಾಶ ಸಂಪೂರ್ಣವೂ ಪ್ರಕ್ಷೇಪ ಜ್ಯಾಮಿತಿಯ ವಸ್ತುವೂ ಆಗುತ್ತದೆ. ಇಂದು ಈ ಸಮಾನತೆಗೆ ಅವರ ಹೆಸರಿನ ಮೊದಲ ಅಕ್ಷರವನ್ನೇ ಇಟ್ಟು ಕರೆಯುತ್ತಾರೆ. ಹೊರಗೆ ಹಾಕುವುದು ಸುಲಭ. ಎಷ್ಟನ್ನು ಒಳಗೆ ಸೇರಿಸಬಹುದೆಂದು ನಿರ್ಣಯಿಸುವುದು ಕಷ್ಟ. ಶೇಷಾದ್ರಿಯವರ ಒಲವು ಯಾವಾಗಲೂ ಎರಡನೆಯದರ ಕಡೆಗೆ. ವಿ. ಬಿ. ಮೆಹ್ತಾ ಅವರೊಡನೆ ೧೯೮೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೆಲವು ಬಿಂದುಗಳನ್ನು ಕಿತ್ತುಹಾಕಿದ ತಲಗಳಿಗೂ ಅದೇ ಪ್ರಮೇಯವನ್ನು ವಿಸ್ತರಿಸಿದ್ದರಲ್ಲಿ ಈ ಒಲವೇ ಕಾಣುತ್ತದೆ.

ಇಲ್ಲಿಯವರೆಗಿನ ಕೆಲಸಕ್ಕೆ ಆಧಾರವಾಗಿದ್ದುದು ಮಿಶ್ರಸಂಖ್ಯೆಗಳ ಕ್ಷೇತ್ರ. ಅಲ್ಲಿ ಅವಿಕಾರಿಗಳನ್ನು ಪಡೆಯುವುದಕ್ಕೆ ಒಂದು ಸುಲಭ ಸಾಧನವುಂಟು: ಸರಾಸರಿ ತೆಗೆಯುವುದು. ಗ್ರೂಪಿನಲ್ಲಿ ನೂರು ಪರಿವರ್ತನೆಗಳಿದ್ದರೆ, ಒಂದು ಉಕ್ತಿಗೆ ನೂರನ್ನೂ ಹಚ್ಚಿ, ಬಂದುದನ್ನು ಕೂಡಿಸಿ, ನೂರರಿಂದ ಭಾಗಿಸಿದರೆ ಅವಿಕಾರಿ ದೊರೆಯುತ್ತದೆ. ಗ್ರೂಪ್ ಅನಂತವಾದಾಗ ಕೂಡಿಸುವ ಬದಲು ಸಮಾಕಲನ ಮಾಡುವ ಉಪಾಯವನ್ನು ಹೆರ್ಮನ್ ವೈಲ್ ಅವರು ತೋರಿಸಿಕೊಟ್ಟಿದ್ದರು. ಆದರೆ ಅವಿಭಾಜ್ಯ ಸಂಖ್ಯೆಯೊಂದು ಸೊನ್ನೆಗೆ ಸಮನಾಗುವ ಕ್ಷೇತ್ರಗಳೂ ಇವೆ. ಐದು ಸೊನ್ನೆಗೆ ಸಮನಾದ ಕಡೆ ನೂರೂ ಸೊನ್ನೆಯೇ. ನೂರರಿಂದ ಭಾಗಿಸುವುದೆಂದರೆ ಸೊನ್ನೆಯಿಂದ ಭಾಗಿಸುವುದು. ಅಲ್ಲಿ ಸರಾಸರಿ ಎಂಬ ಸಾಧನವೇ ಇಲ್ಲ. ಸೊನ್ನೆಯಲ್ಲದ ಸ್ಥಿರ ಸದಿಶದ ಮೇಲೆ ಸೊನ್ನೆಯಾಗದಂಥ ಏಕಘಾತ ಅವಿಕಾರಿ ಇಲ್ಲಿ ದೊರೆಯದೆ ಹೋದರೂ, ಹೆಚ್ಚಿನ ಘಾತದ ಒಂದು ಅವಿಕಾರಿ ದೊರೆಯಲೇಬೇಕೆಂದು ಮಂಫರ್ಡ್ ಅವರು ಊಹಿಸಿದ್ದರು. ಎರಡು ಸಾಲಿನ ಮಾತೃಕೆಗಳ ಗ್ರೂಪಿಗೆ ಈ ಊಹೆ ನಿಜವೆಂದು ಶೇಷಾದ್ರಿಯವರು ೧೯೬೮ರ ಮುಂಬಯಿ ಸಮಾವೇಶದಲ್ಲಿ ಸಾಧಿಸಿದರು. ಅದನ್ನು ಪೂರ್ತಿಯಾಗಿ ಸಾಧಿಸಿದವರು ೧೯೭೫ರಲ್ಲಿ ಹಬೂಷ್. ಕ್ಷೇತ್ರದ ಬದಲು ಇನ್ನೂ ಸಾಮಾನ್ಯವಾದ ಆಧಾರಗಳ ಮೇಲೆಯೂ ಅದು ನಿಲ್ಲುವುದೆಂದು ೧೯೭೭ರಲ್ಲಿ ಶೇಷಾದ್ರಿಯವರು ತೋರಿಸಿದರು.

ಎರಡನೆಯ ಸಂಪುಟದ ಬಾಗಿಲು ಇಲ್ಲಿಯೇ ಇದೆ. ಭಾಗಿಸುವುದು ಸಾಧ್ಯವಿಲ್ಲದ ಕಡೆ ಪೂರ್ಣಾಂಕಗಳಿಂದಲೇ ಕೆಲಸ ಸಾಗಬೇಕು. ಇದಕ್ಕೆ ಮಾದರಿ ೧೯೪೩ರಲ್ಲಿ ಹಾಜ್ ಅವರು ಮಾಡಿದ್ದ ಒಂದು ಗಣನೆ. ಎರಡು ಸಾಲು, ನಾಲ್ಕು ಕಂಬಗಳುಳ್ಳ ಮಾತೃಕೆಯಿಂದ ಎರಡೆರಡು ಕಂಬಗಳನ್ನು ಆರಿಸಿದರೆ ಆರು ನಿರ್ಧಾರಕಗಳು ದೊರೆಯುತ್ತವೆ. ಅವನ್ನು ಎರಡೆರಡಾಗಿ ಗುಣಿಸಿದರೆ ಗುಣಲಬ್ಧಗಳು ಇಪ್ಪತ್ತೊಂದು. ಇವುಗಳ ನಡುವೆ ಒಂದು ಸಂಬಂಧವುಂಟು: (೧೨)(೩೪) − (೧೩)(೨೪) + (೧೪)(೨೩) = ೦. ಕೊನೆಯ ಗುಣಲಬ್ಧದಲ್ಲಿ ಕಂಬಗಳ ಕ್ರಮ ತಪ್ಪಿದೆ. ಒಂದಕ್ಕಿಂತ ಎರಡು ದೊಡ್ಡದು, ಆದರೆ ನಾಲ್ಕಕ್ಕಿಂತ ಮೂರು ಚಿಕ್ಕದು. ಅದನ್ನು ಬಿಟ್ಟುಬಿಟ್ಟರೆ ಉಳಿಯುವ ಇಪ್ಪತ್ತು ಕ್ರಮಬದ್ಧ ಗುಣಲಬ್ಧಗಳು ಪರಸ್ಪರ ಸ್ವತಂತ್ರ. ಬಿಟ್ಟದ್ದನ್ನು ಅವುಗಳಿಂದ ಪಡೆಯಬಹುದು. ಗುಣಕಗಳು ಒಂದು ಮತ್ತು ಋಣ ಒಂದು ಮಾತ್ರ. ಎಲ್ಲಿಯೂ ಭಾಗಾಕಾರ ಬಂದಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಆದ್ದರಿಂದ ಈ ಗಣನೆಯನ್ನು ಯಾವ ಕ್ಷೇತ್ರಕ್ಕಾದರೂ ಸಲ್ಲುವಂತೆ ಮಾಡಬಹುದು. ಇಂಥ ಕ್ರಮಬದ್ಧ ಗುಣಲಬ್ಧಗಳನ್ನು ಎಲ್ಲ ಶಾಸ್ತ್ರೀಯ ಗ್ರೂಪುಗಳಿಗೂ ಕಟ್ಟುವುದು ಶೇಷಾದ್ರಿಯವರ ಸಂಕಲ್ಪ. ೧೯೭೮ರಿಂದ ೧೯೮೬ರ ವರೆಗೆ, ಮುಸಿಲಿ ಮತ್ತು ಲಕ್ಷ್ಮೀಬಾಯಿ ಇವರ ಸಹಯೋಗದಿಂದ, ಒಂದರಿಂದ ಐದರ ವರೆಗೆ ಸಂಖ್ಯೆ ಹಾಕಿದ ಲೇಖನಮಾಲೆಯಲ್ಲಿ ಈ ಕೆಲಸ ನಡೆಯಿತು. ಮೊದಲ ಸಂಪುಟ ಸರಾಸರಿ ಇಲ್ಲದ ಕಡೆ ಅವಿಕಾರಿಗಳಿವೆಯೆಂದು ತೋರಿಸಿತು. ಎರಡನೆಯದು ಅದೇ ಕಡೆ ಅವನ್ನೂ ಅವುಗಳ ಸಂಗಡಿಗರನ್ನೂ ಎಣಿಸಿ ಕೊಡಲು ಹೊರಟಿತು. ಇದು ಕ್ಷೇತ್ರವನ್ನು ಬದಲಾಯಿಸಿದ್ದಲ್ಲ. ಹಿಡಿದ ದಾರಿಯಲ್ಲಿ ಮುಂದೆ ನಡೆದದ್ದು.

ಆದರೆ ಈ ಎರಡನೆಯ ಭಾಗದ ಮಿತಿಗಳನ್ನು ಮುಚ್ಚಿಡುವುದು ಸಲ್ಲದು. ಲೇಖನಮಾಲೆ ಓದುವುದಕ್ಕೆ ಕಠಿನವಾಗಿದೆ. ಗ್ರೂಪುಗಳನ್ನು ಜಾತಿಜಾತಿಯಾಗಿ ವಿಂಗಡಿಸಿ ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ವಿಧಾನದಲ್ಲಿ, ಒಂದು ಸಂಗತಿ ಏಕೆ ನಿಜವೆಂಬುದಕ್ಕಿಂತ ನಿಜವೆಂಬುದಷ್ಟೇ ತಿಳಿಯುತ್ತದೆ. ಶಾಸ್ತ್ರೀಯ ಗ್ರೂಪುಗಳನ್ನು ಮೀರಿದವುಗಳಿಗೆ ಏನಾಗಬೇಕೆಂಬುದನ್ನು ಲಕ್ಷ್ಮೀಬಾಯಿ ಮತ್ತು ಶೇಷಾದ್ರಿ ಅವರು ಊಹೆಯ ರೂಪದಲ್ಲಿ ಮಾತ್ರ ಹೇಳಬಲ್ಲವರಾದರು. ಇತ್ತ ಮೆಹ್ತಾ ಮತ್ತು ರಾಮನಾಥನ್ ಅವರು ೧೯೮೫ರಲ್ಲಿ ಬೇರೊಂದು ಯುಕ್ತಿಯನ್ನು ಮುಂದಿಟ್ಟರು. ಅವಿಭಾಜ್ಯ ಸಂಖ್ಯೆ ಸೊನ್ನೆಯಾಗುವ ಕ್ಷೇತ್ರಗಳಲ್ಲಿ ಮಾತ್ರ ಲಭ್ಯವಾದ ಫ್ರೊಬೇನಿಯಸ್ ಘಾತಕ್ರಿಯೆಯನ್ನೇ ಸಾಧನವನ್ನಾಗಿ ಮಾಡಿಕೊಂಡು, ಷೂಬರ್ಟ್ ಆಕೃತಿಗಳ ಮುಖ್ಯ ಗುಣಗಳಲ್ಲಿ ಹಲವನ್ನು ಜಾತಿಭೇದವಿಲ್ಲದೆ ಒಮ್ಮೆಗೇ ಸಾಧಿಸುವ ಮಾರ್ಗ ಅದು. ತೊಡಕಿನ ಮೂಲವೆಂದು ಎಣಿಸಿದ್ದನ್ನೇ ಉಪಕರಣವಾಗಿ ಬಳಸಿದ ಈ ಯುಕ್ತಿಯ ಮುಂದೆ ದೀರ್ಘವಾದ ಲೆಕ್ಕಾಚಾರ ಮಂಕಾಗಿ ತೋರಿದ್ದು ಆಶ್ಚರ್ಯವಲ್ಲ. ಕೊನೆಗೆ ಕ್ರಮಬದ್ಧ ಗುಣಲಬ್ಧಗಳ ಊಹೆಯನ್ನು ಪೂರ್ಣವಾಗಿ ಸಾಧಿಸಿದವರು ಜರ್ಮನಿಯ ಲಿಟಲ್‌ಮನ್. ಅವರ ಮುಖ್ಯ ಲೇಖನಗಳು ೧೯೯೪ರಿಂದ ೧೯೯೮ರ ಒಳಗೆ ಹೊರಬಂದವು. ಹೀಗಾಗಿ, ತಾವೇ ತೊಡಗಿದ ಕಾರ್ಯವನ್ನು ಶೇಷಾದ್ರಿಯವರು ತಮ್ಮ ವಿಧಾನದಿಂದ ಕೊನೆಮುಟ್ಟಿಸಲಿಲ್ಲ ಎಂದು ಹೇಳಬೇಕಾಗುತ್ತದೆ.

ಹಾಗಾದರೆ ಆ ಹತ್ತು ಹನ್ನೆರಡು ವರ್ಷಗಳ ದುಡಿಮೆ ವ್ಯರ್ಥವೆ? ಪ್ರಶ್ನೆ ಶೇಷಾದ್ರಿಯವರೊಬ್ಬರಿಗೆ ಸಂಬಂಧಿಸಿದ್ದಲ್ಲ. ನಮ್ಮ ವಿಭಾಗಗಳಲ್ಲಿ ತರುಣ ಸಂಶೋಧಕರು ದಿನವೂ ಎದುರಿಸುವ ಪ್ರಶ್ನೆ ಇದು: ಸರ್ವಸಾಮಾನ್ಯ ಸಿದ್ಧಾಂತ ಕೈಗೆ ಸಿಕ್ಕುವ ತನಕ ಕಾದಿರಬೇಕೆ, ಅಥವಾ ಕಣ್ಣೆದುರಿನ ಲೆಕ್ಕವನ್ನು ಮಾಡುತ್ತ ಹೋಗಬೇಕೆ? ಲಿಟಲ್‌ಮನ್ ಅವರ ಸಿದ್ಧಾಂತವೇ ಇದಕ್ಕೆ ಉತ್ತರ ಕೊಡುತ್ತದೆ. ಅವರು ಆಧಾರವಾಗಿ ತೆಗ���ದುಕೊಂಡ ಪಥಗಳಿಗೆ ಅವರೇ ಇಟ್ಟ ಹೆಸರು ಲಕ್ಷ್ಮೀಬಾಯಿ–ಶೇಷಾದ್ರಿ ಪಥಗಳು. ಒಂದೊಂದು ಜಾತಿಯನ್ನೂ ಬಿಡದೆ ಪರೀಕ್ಷಿಸಿದ ಲೇಖಕರಿಗೆ ಎಲ್ಲೆಡೆಯೂ ಮರುಕಳಿಸುವ ಒಂದು ವಿನ್ಯಾಸ ಗೋಚರವಾಯಿತು. ಅದನ್ನು ಅವರು ಬರೆದಿಟ್ಟರು. ಸಾಧಿಸಲಾಗದುದನ್ನು ಸಾಧಿಸಿದೆವೆಂದು ಹೇಳಿಕೊಳ್ಳದೆ ಊಹೆಯೆಂದೇ ಹೇಳಿದರು. ಊಹೆ ಸರಿಯಾಗಿ ಇದ್ದುದರಿಂದಲೇ ಇನ್ನೊಬ್ಬರು ಅದನ್ನು ಮುಗಿಸುವುದು ಸಾಧ್ಯವಾಯಿತು. ಲೆಕ್ಕವನ್ನು ಮಾಡದೆ ಕುಳಿತಿದ್ದರೆ ಆ ವಿನ್ಯಾಸವನ್ನು ಕಾಣುವವರಾರು? ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿ ಒಂದು ವಿಶೇಷ ಅರ್ಥದಲ್ಲಿ ಸಲ್ಲುತ್ತದೆ. ತಾಳಿದವರು ಒಬ್ಬರು, ಫಲವನ್ನು ಕಂಡವರು ಇನ್ನೊಬ್ಬರು, ಬಾಳಿದ್ದು ಮಾತ್ರ ಶಾಸ್ತ್ರ. ೧೯೫೮ರ ಮೂರು ಪುಟಗಳಿಗೂ ೧೯೬೮ರ ಭಾಗಶಃ ಪರಿಹಾರಕ್ಕೂ ಇದೇ ಕಥೆಯೆಂಬುದನ್ನು ಓದುಗರು ಈಗಾಗಲೇ ಕಂಡಿರಬಹುದು. ಮೂರು ಸಲವೂ ಮೊದಲ ಹೆಜ್ಜೆಯನ್ನಿಟ್ಟವರು ಶೇಷಾದ್ರಿ, ಮುಗಿಸಿದವರು ಬೇರೆಯವರು. ಇದನ್ನು ದೌರ್ಬಲ್ಯವೆಂದು ಕರೆಯುವವರು ಕರೆಯಲಿ. ಸರಿಯಾದ ಕಡೆ ಅಗೆದವನಿಗೆ ಮಾತ್ರ ತನ್ನ ಬಾವಿಯ ನೀರನ್ನು ಇತರರೂ ಕುಡಿಯುವ ಭಾಗ್ಯವಿರುತ್ತದೆಂದು ನಾವು ತಿಳಿಯುತ್ತೇವೆ.

ಶೇಷಾದ್ರಿಯವರು ೧೯೮೪ರಲ್ಲಿ ಮುಂಬಯಿಯನ್ನು ಬಿಟ್ಟು ಮದರಾಸಿನ ಗಣಿತ ವಿಜ್ಞಾನಗಳ ಸಂಸ್ಥೆಗೆ ಬಂದರು. ೧೯೮೯ರಲ್ಲಿ ಸ್ಪಿಕ್ ವಿಜ್ಞಾನ ಪ್ರತಿಷ್ಠಾನದ ಆಶ್ರಯದಲ್ಲಿ ಒಂದು ಗಣಿತಶಾಲೆಯನ್ನು ತೊಡಗಿದರು. ಮುಂದೆ ಚೆನ್ನೈ ಗಣಿತ ಸಂಸ್ಥೆಯಾಗಿ ಬೆಳೆದದ್ದು ಅದೇ. ಸಂಶೋಧಕರಷ್ಟೇ ಇರುವ ಸಂಸ್ಥೆಯಾಗಿ ಉಳಿಯದೆ, ೧೯೯೮ರಿಂದ ಅದು ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಗಳಿಗೂ ಪಾಠ ಹೇಳತೊಡಗಿತು. ಇದರ ಅರ್ಥ ತಿಳಿಯಬೇಕಾದರೆ ಲೊಯೋಲಾ ಕಾಲೇಜನ್ನು ನೆನೆಯಬೇಕು. ಅಲ್ಲಿ ಶೇಷಾದ್ರಿ, ನರಸಿಂಹನ್, ಸಿ. ಪಿ. ರಾಮಾನುಜಮ್ ಇವರಿಗೆಲ್ಲ ಗುರುಗಳಾಗಿದ್ದವರು ಫಾದರ್ ರಾಸೀನ್. ಪ್ಯಾರಿಸಿನಲ್ಲಿ ಎಲಿ ಕಾರ್ತಾನ್ ಅವರ ಬಳಿ ಕಲಿತು ಬಂದ ಪಾದ್ರಿ. ಗಣಿತದ ಇತಿಹಾಸದಲ್ಲಿ ಅವರ ಹೆಸರಿನ ದೊಡ್ಡ ಪ್ರಮೇಯಗಳು ಇಲ್ಲ. ಯೂರೋಪಿನಲ್ಲಿ ಆಗ ಹುಟ್ಟುತ್ತಿದ್ದ ಹೊಸ ಗಣಿತ ಯಾವುದೆಂಬುದನ್ನು ತಿಳಿದು, ಬಲ್ಲ ವಿದ್ಯಾರ್ಥಿಗೆ ಅದರ ಸುಳಿವನ್ನು ಕೊಟ್ಟು, ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳಿ ಕಳುಹಿಸಿದ್ದು ಅವರ ಕೆಲಸ. ಪದವಿ ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರು ತಮ್ಮ ಕೆಲಸಕ್ಕೂ ಸಂಶೋಧನೆಗೂ ಸಂಬಂಧವಿಲ್ಲವೆಂದು ನೊಂದುಕೊಳ್ಳುವುದನ್ನು ನಾವು ಕಂಡಿದ್ದೇವೆ. ಭಾರತದಲ್ಲಿ ಬೀಜಗಣಿತೀಯ ಜ್ಯಾಮಿತಿ ಬೇರೂರಿದ ಕಥೆಯಲ್ಲಿ ಮೊದಲ ಅಧ್ಯಾಯ ಒಂದು ಕಾಲೇಜಿನ ತರಗತಿಯದೇ ಆಗಿದೆ.

ಈ ವಿವೇಚನೆಯಿಂದ ಸಿದ್ಧವಾಗುವುದನ್ನು ಹೀಗೆ ಸಂಗ್ರಹಿಸಬಹುದು. ಶೇಷಾದ್ರಿಯವರ ಕೆಲಸ ಎರಡು ಸಂಪುಟಗಳಲ್ಲಿ ಹಂಚಿಹೋಗಿದ್ದರೂ ಅದನ್ನು ನಡೆಸಿದ ಪ್ರಶ್ನೆ ಒಂದೇ. ೧೯೬೫ರ ಮತ್ತು ೧೯೬೭ರ ಲೇಖನಗಳು ಸರ್ವಾಂಗಪೂರ್ಣವಾದವು. ಉಳಿದವುಗಳಲ್ಲಿ ಹಲವು ಆರಂಭಗಳು. ಆದರೆ ಸರಿಯಾದ ಆರಂಭಗಳು. ಲೇಖನಮಾಲೆಯ ಶೈಲಿ ಹೊಸಬನಿಗೆ ದುರ್ಗಮವಾಗಿದೆಯೆಂಬ ಆಕ್ಷೇಪಣೆ ಉಳಿಯುತ್ತದೆ. ಅಂಥವನು ಅದನ್ನು ಲಿಟಲ್‌ಮನ್ ಅವರಿಂದ ಹಿಂದಕ್ಕೆ ಓದುವುದು ಮೇಲು. ೧೯೬೫ರ ಲೇಖನವನ್ನಾದರೋ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು, ರೀಮಾನ್ ತಲಗಳ ಪರಿಚಯ ಮಾಡಿಕೊಂಡು, ಅಧ್ಯಾಪಕರ ನೆರವಿನಿಂದ ನೇರವಾಗಿಯೇ ಓದಬಹುದು. ಅದಕ್ಕೂ ಮುಂಚೆ ವರ್ಗರೂಪಗಳ ಉದಾಹರಣೆಯನ್ನು ಕರಿಹಲಗೆಯ ಮೇಲೆ ಬರೆದು, ಯ² ಎಂಬುದು ತನ್ನ ವರ್ಗವನ್ನು ಬಿಡದೆ ಸೊನ್ನೆಯ ಬಳಿಗೆ ಹೇಗೆ ಬರುವುದೆಂದು ತೋರಿಸಿದರೆ, ಹದಿನೆಂಟು ವರ್ಷದ ಹುಡುಗನಿಗೂ ಹುಡುಗಿಗೂ ಪ್ರಶ್ನೆಯ ಸ್ವರೂಪ ತಿಳಿಯುತ್ತದೆ. ಅಷ್ಟನ್ನು ಮಾಡುವುದು ನಮ್ಮ ಕಾಲೇಜುಗಳ ಶಕ್ತಿಗೆ ಮೀರಿದ್ದಲ್ಲ.